ಮೊಯಿದಿನಬ್ಬ ಒಣಮೀನಿನ ಅಂಗಡಿಗೆ ಜಾಗ ಹುಡುಕಿದ್ದು

ಒಣಮೀನು ಮಾರುವವನ ಎದುರು ಮೂಗು ಮುಚ್ಚಿಕೊಳ್ಳುವವರಲ್ಲಿ ಎರಡು ಬಗೆ. ಒಣಮೀನನ್ನು ಹುಟ್ಟಿದಂದಿನಿಂದ ಮುಟ್ಟದವರು ಒಂದು ಬಗೆ. ಮಧ್ಯಾಹ್ನ ಅದನ್ನೇ ಕೆಂಡದ ಮೇಲೆ ಸುಟ್ಟು, ಗಂಜಿಗೆ ನೆಂಜಿಕೊಂಡು, ಬೆರಳು ಚೀಪಿ, ಸಂಜೆ ಪೇಟೆಗೆ ಬಂದು ಮೂಗು ಮುಚ್ಚುವವರು ಇನ್ನೊಂದು ಬಗೆ. ಬಂಟ್ವಾಳದ ಮೊಯಿದಿನಬ್ಬನಿಗೆ ಮೊದಲಿನವರ ಮೇಲೆ ದೂರಿರಲಿಲ್ಲ. ಎರಡನೆಯವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಥೂ, ಇದೂ ಒಂದು ಮನುಷ್ಯಜನ್ಮವಾ ಎಂದು ಉಗಿಯುತ್ತಿದ್ದ. ಉಗಿದು, ಅವರಿಗೇ ಮೀನು ತೂಗಿ ಕೊಡುತ್ತಿದ್ದ. ಹೊಟ್ಟೆಪಾಡು ನೋಡಿ, ಏನು ಮಾಡುವುದು.

ಹದಿನೆಂಟನೆಯ ವಯಸ್ಸಿಗೆ ತಲೆಗೇರಿದ ಬುಟ್ಟಿ ನಲವತ್ತಾದರೂ ಇಳಿದಿರಲಿಲ್ಲ. ಮಂಗಳೂರು ಬಂದರಿನಿಂದ ಬಂಟ್ವಾಳಕ್ಕೆ ಒಣಮೀನಿನ ಕಟ್ಟುಗಳು ಬರುತ್ತಿದ್ದವು. ಬಂಗುಡೆ, ನಂಗ್, ಸಿಗಡಿ, ತೊರಕೆಯ ತುಂಡು, ಇವನ್ನೆಲ್ಲ ಬುಟ್ಟಿಯಲ್ಲಿ ಜೋಡಿಸಿ, ಸಿಂಬಿಯ ಮೇಲೆ ಹೊತ್ತು, ಮೂಡಣ ದಿಕ್ಕಿಗೆ ಮುಖಮಾಡಿ ನಡೆದರೆ ಬೆಳ್ತಂಗಡಿ. ಅಲ್ಲಿಂದ ಚಾರ್ಮಾಡಿಯ ರಸ್ತೆ. ಆ ರಸ್ತೆ ಬಿಟ್ಟು ಕಾಲುದಾರಿ ಹಿಡಿದರೆ ನೆರಿಯದ ಕಾಡಂಚಿನ ಮನೆಗಳು. ಹೋಗಲು ಎರಡು ದಿನ, ಖಾಲಿ ಬುಟ್ಟಿಯಲ್ಲಿ ಬರಲು ಒಂದು ದಿನ. ಬಿಸಿಲಿಗೆ ಮೀನಿನ ಉಪ್ಪು ಕರಗಿ ಕುತ್ತಿಗೆಯ ಮೇಲೆ ಇಳಿಯುತ್ತಿತ್ತು. ಉಪ್ಪುನೀರು ಹರಿದು ಹರಿದು ಹಿಂಗುತ್ತಿಗೆಯ ಚರ್ಮ ಎಮ್ಮೆಯ ಹೆಗಲಿನ ಹಾಗೆ ದಡ್ಡುಗಟ್ಟಿತ್ತು.

ಮನೆ ಮನೆಯಲ್ಲೂ ಒಂದೇ ಮರ್ಯಾದೆ. ಅಂಗಳಕ್ಕೆ ಕಾಲಿಡುವ ಮೊದಲೇ, "ದೂರ ಇಡು ಬ್ಯಾರಿ, ದೂರ ಇಡು, ಗಾಳಿ ಈಚೆ ಬೀಸ್ತಾ ಉಂಟು," ಎಂದು ಮನೆಯೊಡತಿ ಕೂಗುವಳು. ದೂರ ಇಟ್ಟ ಮೇಲೆ ತಾನೇ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂರುವಳು. ಮೂಗು ಮುಚ್ಚಿದ್ದ ಅದೇ ಕೈಯಿಂದ ಬಂಗುಡೆಯ ಹೊಟ್ಟೆ ಒತ್ತಿ, ತಿರುವಿ, ಮೂಸಿ, ಬುಟ್ಟಿಯ ತಳದಲ್ಲಿದ್ದ ದಪ್ಪದ್ದನ್ನೇ ಆರಿಸಿ ತೆಗೆಯುವಳು. ಆರಿಸಿ ಆದ ಮೇಲೆ, "ಕೈಗೆ ನೀರು ತನ್ನಿ, ಎಂತ ಹೇಸಿಗೆ ಇದು!" ಎಂಬ ಬೊಬ್ಬೆ. ಇಪ್ಪತ್ತೆರಡು ವರ್ಷ ಇದನ್ನು ಕೇಳಿದವನಿಗೆ ಜಗತ್ತಿನ ಯಾರ ಮಾತಿನಲ್ಲೂ ಅದೊಂದೇ ಕೇಳಿಸುವಂತಾದರೆ ಆಶ್ಚರ್ಯವಿಲ್ಲ.

ಅರವತ್ತೊಂದನೆಯ ಇಸವಿಯ ಜನವರಿಯಲ್ಲಿ ಒಂದು ದಿನ ಕಲ್ಲಡ್ಕದ ಕಡೆಯಿಂದ ಬರುವಾಗ ಯಾರೋ ಹಿಂದಿನಿಂದ ಕರೆದರೆಂದು ತಿರುಗಿ ನೋಡಿದ. ತಿರುಗಿದ ಕುತ್ತಿಗೆ ತಿರುಗಿದಲ್ಲೇ ನಿಂತಿತು. ಬುಟ್ಟಿ ರಸ್ತೆಯಲ್ಲಿ ಚೆಲ್ಲಿತು. ಹದಿನೈದು ದಿನ ಎಣ್ಣೆ ಹಚ್ಚಿ ನೀವಿದ ಪಂಡಿತರು ಕಡೆಗೆ ಹೇಳಿದ್ದು ಇಷ್ಟೆ: "ತಲೆಯ ಮೇಲೆ ಇನ್ನು ಟೊಪ್ಪಿ ಮಾತ್ರ ಇಡು."

ಹೆಂಡತಿ ಬೀಫಾತಿಮಾ ಇನ್ನೂ ಬಿಡಿಸಿ ಹೇಳಿದಳು. "ಇನ್ನೊಂದು ವರ್ಷ ಆ ಬುಟ್ಟಿ ಹೊತ್ತರೆ ಮತ್ತೆ ನಿಮ್ಮನ್ನು ನಾನು ಹೊರಬೇಕಾಗ್ತದೆ. ಎಲ್ಲಿಯಾದರೂ ಒಂದು ಕಡೆ ಕೂತುಕೊಂಡು ಮಾರಿ. ಒಂದು ಅಂಗಡಿ ಇಡಿ."

ಕೂತುಕೊಂಡು ಮಾರುವುದು! ಅದು ಅವನ ತಲೆಯೊಳಗೆ ಹೊಕ್ಕಿತು. ಇಪ್ಪತ್ತೆರಡು ವರ್ಷ ಬೇರೆಯವರ ಅಂಗಳದಲ್ಲಿ ನಿಂತುಕೊಂಡೇ ಮಾರಿದವನಿಗೆ, ತನ್ನದೊಂದು ಮಾಡಿನ ಕೆಳಗೆ ತಾನು ಕೂತಿರುವುದು, ತೆಗೆದುಕೊಳ್ಳುವವರು ನಿಂತಿರುವುದು, ಇದಕ್ಕಿಂತ ಬೇರೆ ಸ್ವರ್ಗ ಬೇಡವಾಗಿತ್ತು. ಆದರೆ ಕಾಲ ಕಡಿಮೆ. ಮಲೆಯ ಕಡೆಯ ಜನ ಮಳೆಗಾಲಕ್ಕೆಂದು ಒಣಮೀನು ಕಟ್ಟಿಡುವುದು ಏಪ್ರಿಲ್ ಮೇ ತಿಂಗಳಲ್ಲಿ. ಮೇ ಕೊನೆಗೆ, ಕೋಲ ಜಾತ್ರೆಗಳೆಲ್ಲ ನಿಲ್ಲುವ ಪತ್ತನಾಜೆ ಕಳೆಯಿತೆಂದರೆ ವ್ಯಾಪಾರ ಮುಗಿದ ಹಾಗೆ. ಆಮೇಲೆ ಮಳೆಯ ತೇವಕ್ಕೆ ಉಳಿದ ಮೀನು ಹುಳ ಹಿಡಿಯುತ್ತದೆ. ಅಷ್ಟರೊಳಗೆ ಅಂಗಡಿ ನೆಲೆ ನಿಲ್ಲಬೇಕು. ಇಲ್ಲದಿದ್ದರೆ ಮುರಿದ ಕುತ್ತಿಗೆಗೆ ಮತ್ತದೇ ಬುಟ್ಟಿ.

ಎಲ್ಲಿ ಇಡುವುದು? ಈ ವಿಷಯದಲ್ಲಿ ಮೊಯಿದಿನಬ್ಬ ತಾನು ಬಹಳ ಬುದ್ಧಿವಂತನೆಂದು ತಿಳಿದಿದ್ದ. ಎರಡು ಬಟ್ಟೆಯ ಚೀಲ ಮಾಡಿಕೊಂಡ. ಒಂದರಲ್ಲಿ ಹುಣಸೆಬೀಜ ತುಂಬಿದ. ಪೇಟೆಯ ಒಂದು ಕಡೆ ಬೆಳಗ್ಗಿನಿಂದ ಸಂಜೆಯವರೆಗೆ ಕೂತು, ಎದುರಿನಿಂದ ಹತ್ತು ತಲೆ ದಾಟಿದರೆ ಒಂದು ಬೀಜವನ್ನು ಈ ಚೀಲದಿಂದ ಆ ಚೀಲಕ್ಕೆ ಹಾಕುವುದು. ಶಾಲೆಗೆ ಹೋದದ್ದು ಎರಡೇ ವರ್ಷವಾದರೂ ಲೆಕ್ಕ ತಪ್ಪುವವನಲ್ಲ.

ಬಂಟ್ವಾಳದ ಕೆಳಗಿನ ಪೇಟೆಯಲ್ಲಿ ಒಂದು ದಿನ ಕೂತ. ನಲವತ್ತೊಂದು ಬೀಜ. ಆದರೆ ಅಲ್ಲಿ ಆಗಲೇ ಮೂರು ಒಣಮೀನಿನ ಅಂಗಡಿ, ಮೂವರೂ ಒಬ್ಬರ ಮುಖ ಒಬ್ಬರು ನೋಡಿ ಹಲ್ಲು ಕಡಿಯುವವರು. ಮೂಡಬಿದ್ರೆಯಲ್ಲಿ ಕೂತ. ಮೂವತ್ತಮೂರು. ಅಲ್ಲಿ ಬಸದಿಯ ಬೀದಿಯಲ್ಲಿ ಒಣಮೀನಿನ ಮಾತೆತ್ತುವುದೇ ತಪ್ಪು. ಅದು ಅವನಿಗೂ ಗೊತ್ತು. ಸೋಮವಾರದ ಸಂತೆಯ ದಿನ ಬೆಳ್ತಂಗಡಿಯ ಬಸ್ಸು ನಿಲ್ಲುವ ಜಾಗದಲ್ಲಿ ಕೂತ. ಮಧ್ಯಾಹ್ನಕ್ಕೇ ಚೀಲದ ಬೀಜ ಮುಗಿಯಿತು. ಹೋಟೆಲಿನ ಹಿಂದೆ ಬಿದ್ದಿದ್ದ ಬೀಜ ಹೆಕ್ಕಿ ತಂದು ಮುಂದುವರಿಸಿದ. ಎಪ್ಪತ್ತೆಂಟು!

"ಆಯ್ತು, ಇನ್ನು ನೋಡುವುದು ಬೇಡ," ಎಂದ ಮನೆಗೆ ಬಂದು. "ಬಸ್ಸಿನ ಬಾಗಿಲಿಗೆ ಹತ್ತು ಮಾರು ದೂರದಲ್ಲಿ ಒಂದು ಕೋಣೆ ಖಾಲಿ ಉಂಟು. ಮೂಡಬಿದ್ರೆಯ ಹೇಮರಾಜ ಧಣಿಗಳದ್ದು. ನಾಳೆಯೇ ಹೋಗ್ತೇನೆ."

"ಜೈನರು ಒಣಮೀನಿಗೆ ಕೋಣೆ ಕೊಡ್ತಾರಾ?" ಬೀಫಾತಿಮಾ ಕೇಳಿದಳು.

"ಗೋಡೆ ಮೀನು ತಿನ್ನುತ್ತದಾ? ಬಾಡಿಗೆ ಕೊಟ್ಟರೆ ಕೊಡ್ತಾರೆ."

ಹೇಮರಾಜ ಧಣಿಗಳು ಗದ್ದೆ, ತೋಟ, ನಾಲ್ಕು ಕಡೆ ಬಾಡಿಗೆಯ ಕೋಣೆ ಇದ್ದ ಅರವತ್ತು ದಾಟಿದ ಮನುಷ್ಯ. ಮಾತು ನಿಧಾನ. ಮೊಯಿದಿನಬ್ಬ ಹೋದಾಗ ಸಂಜೆ ಐದು ಗಂಟೆ. ಹೆಂಡತಿ ಕಮಲಾವತಿಯಮ್ಮ ಬೆಲ್ಲ ನೀರು ತಂದು ಇಟ್ಟರು. ಹೊರಗಿನವರಿಗೆಂದು ಜಗಲಿಯ ಮೂಲೆಯಲ್ಲಿ ಬೇರೆ ಇಟ್ಟಿದ್ದ ಚೆಂಬು ಅದು. ಮೊಯಿದಿನಬ್ಬ ಆ ಚೆಂಬನ್ನು ನೋಡಿದ. ನೀರು ಕುಡಿದ. ಬೆಲ್ಲ ಬಾಯಿಗೆ ಕಹಿಯಾಯಿತು.

"ಎಂತ ಸಾಮಾನು ಇಡ್ತಿ?" ಧಣಿಗಳು ಕೇಳಿದರು.

"ಒಣಮೀನು."

"ನೋಡು ಮಾರಾಯ, ನನ್ನದು ಅಡ್ಡಿ ಇಲ್ಲ. ನಾನು ಅಲ್ಲಿ ಇರುವವನೂ ಅಲ್ಲ. ಆದ್ರೆ ಬಸ್ಸಿನ ಹತ್ತಿರ ಆ ಸಾಮಾನು..."

"ವಾಸನೆ ಅಂತ ಹೇಳಿ ಧಣಿಗಳೇ. ಬಾಯಿಬಿಟ್ಟು ಹೇಳಿ."

"ವಾಸನೆಯದ್ದಲ್ಲ ನಾನು ಹೇಳುವುದು. ಬಸ್ಸಿನವರು..."

"ಬಸ್ಸಿನವರಿಗೂ ಮೂಗು ಉಂಟು, ಗೊತ್ತುಂಟು ನನಗೆ!" ಮೊಯಿದಿನಬ್ಬ ಎದ್ದೇ ನಿಂತ. "ಇಪ್ಪತ್ತೆರಡು ವರ್ಷದಿಂದ ಕೇಳ್ತಾ ಇದ್ದೇನೆ. ದೂರ ಇಡು, ಹೊರಗೆ ಇಡು, ಗಾಳಿಯ ಆಚೆ ಇಡು. ಬೇಡವಾದರೆ ಬೇಡ ಅನ್ನಿ, ನಾನು ಬಂದ ದಾರಿಯಲ್ಲಿ ಹೋಗ್ತೇನೆ. ಬುದ್ಧಿ ಹೇಳಬೇಡಿ."

ಧಣಿಗಳು ತೆಂಗಿನ ಮರಗಳ ನಡುವೆ ಇಳಿಯುತ್ತಿದ್ದ ಸೂರ್ಯನನ್ನು ನೋಡಿದರು. ಒಳಗೆ ಎಲೆ ಹಾಕಿ ಆಗಿತ್ತು. "ಹೊತ್ತು ಮುಳುಗುವ ಮೊದಲು ನನಗೆ ಊಟ ಆಗಬೇಕು. ನಿನ್ನ ಹತ್ತಿರ ವಾದಕ್ಕೆ ನಿಂತರೆ ಇವತ್ತು ಉಪವಾಸವೇ. ತಗೋ," ಎಂದು ಬೀಗದ ಕೈ ಜಗಲಿಯ ಮೇಲೆ ಇಟ್ಟು ಒಳಗೆ ಹೋದರು.

ಮೊಯಿದಿನಬ್ಬ ಗೆದ್ದೆನೆಂದುಕೊಂಡ. ದಾರಿಯುದ್ದಕ್ಕೂ ಬೀಗದ ಕೈಯನ್ನು ಬೆಲ್ಟಿನ ಜೇಬಿನಲ್ಲಿ ಮುಟ್ಟಿ ಮುಟ್ಟಿ ನೋಡಿಕೊಂಡ.

ಮಾರ್ಚ್ ಕೊನೆಗೆ ಅಂಗಡಿ ತೆರೆಯಿತು. ಮೂರು ಕಡೆ ಹಲಗೆಯ ಅಟ್ಟ, ನಡುವೆ ತಕ್ಕಡಿ, ಹಿಂದೆ ಒಂದು ಮಣೆ. ಆ ಮಣೆಯ ಮೇಲೆ ಅವನು ಕೂತ. ಮೊದಲ ದಿನ ಬರೇ ಕೂತದ್ದಕ್ಕೇ ಖುಷಿಯಾಯಿತು. ಮೂರನೆಯ ದಿನಕ್ಕೆ ಮೈ ಉರಿಯತೊಡಗಿತು.

ಎಪ್ಪತ್ತೆಂಟು ಬೀಜದ ಜನ ಅಂಗಡಿಯ ಎದುರಿನಿಂದಲೇ ಹೋಗುತ್ತಿದ್ದರು. ಬರೇ ಹೋಗುತ್ತಿದ್ದರು. ಕ್ಷೇತ್ರಕ್ಕೆ ಹೋಗುವ ಯಾತ್ರಿಕರು ಹೆಗಲ ವಸ್ತ್ರ ಮೂಗಿಗೆ ಒತ್ತಿಕೊಂಡು ದಾಟುವರು. ಕೋರ್ಟಿಗೆ ಬಂದವರು, ಆಸ್ಪತ್ರೆಗೆ ಬಂದವರು, ಮದುವೆಗೆ ಹೊರಟವರು, ಎಲ್ಲರದೂ ಒಂದೇ ಕಡೆಗೆ ಓಟ, ಬಸ್ಸಿನ ಬಾಗಿಲಿಗೆ. ಬಸ್ಸು ತಡವಾದರೆ ಅವನ ಅಂಗಡಿಯ ನೆರಳಲ್ಲೇ ನಿಂತು, ಅವನ ಗೋಡೆಗೇ ಎಲೆಯಡಿಕೆ ಉಗಿದು, "ಎಂತ ನಾತ ಮಾರಾಯ," ಎಂದು ಅವನಿಗೇ ಕೇಳುವ ಹಾಗೆ ಹೇಳುವರು. ಬೆಳ್ತಂಗಡಿ ಪೇಟೆಯವರಿಗೆ ಸೈಕಲಿನಲ್ಲಿ ಹಸಿಮೀನು ಬರುತ್ತಿತ್ತು. ಅವರಿಗೆ ಒಣಮೀನು ಯಾಕೆ? ದಿನವಿಡೀ ತಪ್ಪದೆ ಬರುತ್ತಿದ್ದ ಗಿರಾಕಿಗಳೆಂದರೆ ನೊಣಗಳು. ಅವನ್ನು ಓಡಿಸಿ ಓಡಿಸಿ ಅವನ ಕೈಯ ಅಡಿಕೆಹಾಳೆಯ ಬೀಸಣಿಗೆ ಹರಿದುಹೋಯಿತು.

"ಥೂ ಈ ಊರಿಗೆ," ಎನ್ನುತ್ತಿದ್ದ ಮನೆಗೆ ಹೋದಾಗೆಲ್ಲ. "ಮೂಗು ಮಾತ್ರ ಉಂಟು, ನಾಲಿಗೆ ಇಲ್ಲ."

ಏಪ್ರಿಲಿನ ಎರಡನೆಯ ಸೋಮವಾರ ಒಬ್ಬಳು ದಪ್ಪ ಹೆಂಗಸು ಬಂದಳು. ಚಾರ್ಮಾಡಿ ಕಡೆಯವಳು. ಮೂಗು ಮುಚ್ಚಲಿಲ್ಲ. ಮನೆಯಲ್ಲಿ ಹದಿನಾಲ್ಕು ಜನ ಉಂಟೆಂದು ಹೇಳಿ, ಮಳೆಗಾಲ ಪೂರ್ತಿಗೆ ಬೇಕಾಗುವಷ್ಟು ಬಂಗುಡೆ, ನಂಗ್ ಆರಿಸಿದಳು. ಮೊಯಿದಿನಬ್ಬನಿಗೆ ಅವಳ ಕಾಲು ಹಿಡಿಯಬೇಕೆನಿಸಿತು. ತಾನೇ ಅಡಿಕೆಹಾಳೆಯಲ್ಲಿ ಸುತ್ತಿ, ಬಾಳೆನಾರಿನಿಂದ ಬಿಗಿದು, ಕಟ್ಟನ್ನು ಅವಳ ಸೊಂಟಕ್ಕೆ ಎತ್ತಿಕೊಟ್ಟ. ಅವಳು ಚಾರ್ಮಾಡಿಯ ಬಸ್ಸು ಹತ್ತಿದಳು.

ಎರಡು ನಿಮಿಷವೂ ಆಗಿರಲಿಲ್ಲ. ಬಸ್ಸಿನೊಳಗಿನಿಂದ ಕಂಡಕ್ಟರ್ ಶೇಖರನ ಗಂಟಲು ಕೇಳಿಸಿತು.

"ಯಾರದ್ದು? ಯಾರದ್ದು ಈ ಹೆಣ?"

"ಹೆಣ ನಿನ್ನ ಅಪ್ಪನದ್ದು!" ಹೆಂಗಸು ಕಿರುಚಿದಳು. "ಟಿಕೇಟು ತೆಗೆದಿದ್ದೇನೆ ನಾನು."

"ನಿಮಗೆ ತೆಗೆದದ್ದು ಅಕ್ಕ, ಇದಕ್ಕೆ ತೆಗೆದದ್ದಲ್ಲ. ಇಳಿಸಿ, ಇಳಿಸಿ."

"ಮೇಲೆ ಹಾಕು ಹಾಗಾದರೆ."

"ಮೇಲೆ ಯಾತ್ರೆಯವರ ಪೆಟ್ಟಿಗೆ ಉಂಟು. ಆ ಉಪ್ಪುನೀರು ಇಳಿದರೆ ನನ್ನ ಕೆಲಸ ಹೋಯ್ತು."

ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ, ಏಕೆಂದರೆ ಬಸ್ಸು ಪೂರ್ತಿ ನಗುತ್ತಿತ್ತು. ಕಟ್ಟು ಬಾಗಿಲಿನಿಂದ ಹಾರಿ ಬಂದು ಅಂಗಡಿಯ ಎದುರಿನ ಚರಂಡಿಯ ಬಾಯಿಗೆ ಬಿತ್ತು. ನಾರು ಹರಿಯಿತು. ಬಂಗುಡೆಗಳು ಧೂಳಿನಲ್ಲಿ ಹರಡಿದವು. ಎಲ್ಲಿದ್ದವೋ ಮೂರು ನಾಯಿ ಓಡಿ ಬಂದವು. ಹೆಂಗಸು ಬಸ್ಸಿನಿಂದ ಇಳಿದು ಬಂದು, ಕೈಗೆ ಸಿಕ್ಕಿದ ಒಂದು ನಂಗನ್ನು ಹೆಕ್ಕಿ ಮೊಯಿದಿನಬ್ಬನ ಎದೆಗೇ ಎಸೆದಳು.

"ಬಸ್ಸಿಗೆ ಹತ್ತಿಸದ ಸಾಮಾನನ್ನು ಬಸ್ಸಿನ ಬಾಗಿಲಲ್ಲಿ ಇಟ್ಟು ಮಾರ್ತಿಯಲ್ಲಾ ಬ್ಯಾರಿ! ತಲೆಯಲ್ಲಿ ಎಂತ ಉಂಟು ನಿನಗೆ, ಮೀನಾ?"

ಅವನು ತೆಗೆದುಕೊಂಡ ದುಡ್ಡನ್ನೆಲ್ಲ ಅವಳಿಗೆ ಹಿಂದೆ ಕೊಟ್ಟ. ಆಮೇಲೆ ಹೋಗಿ ಶೇಖರನ ಖಾಕಿ ಅಂಗಿಯ ಕೊರಳಪಟ್ಟಿ ಹಿಡಿದ.

"ಮೊನ್ನೆ ನನ್ನ ಹತ್ತಿರವೇ ಸಿಗಡಿ ಕಟ್ಟಿಸಿಕೊಂಡು ಹೋದವ ನೀನು! ಇವತ್ತು ನಿನಗೆ ಹೆಣ ಆಯ್ತಾ ಅದು?"

"ಅದು ನಾನು ನಡೆದುಕೊಂಡು ಮನೆಗೆ ತಗೊಂಡು ಹೋದದ್ದು ಮೊಯ್ದಿನಾಕ," ಎಂದ ಶೇಖರ, ಕೊರಳು ಬಿಡಿಸಿಕೊಳ್ಳುತ್ತಾ. "ಬಸ್ಸಿನಲ್ಲಿ ಅಲ್ಲ. ಬಸ್ಸಿನ ಧಣಿಯ ಆರ್ಡರು ನಾಲ್ಕು ವರ್ಷದಿಂದ ಉಂಟು. ಒಣಮೀನು ಹತ್ತಿಸಿದರೆ ನನಗೆ ದಂಡ. ನಿಮಗೆ ಗೊತ್ತಿಲ್ಲವಾ?"

ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಇಪ್ಪತ್ತೆರಡು ವರ್ಷದಲ್ಲಿ ಮೀನಿನ ಬುಟ್ಟಿ ಹೊತ್ತು ಅವನು ಒಂದು ದಿನವೂ ಬಸ್ಸು ಹತ್ತಿದವನಲ್ಲ. ಹತ್ತಲು ಹೋಗಿ 'ಇಳಿ' ಅನಿಸಿಕೊಳ್ಳುವ ಗ್ರಹಚಾರ ಯಾಕೆಂದು ಹತ್ತಿರವೇ ಸುಳಿದಿರಲಿಲ್ಲ.

ಅದೇ ಮಧ್ಯಾಹ್ನ ನೆರಿಯದ ರುಕ್ಮಯ್ಯ ಗೌಡರು ಸಂತೆಗೆ ಬಂದವರು ಅಂಗಡಿಗೆ ತಲೆ ಹಾಕಿದರು. ಹಳೆಯ ಗಿರಾಕಿ. ಅವರ ಅಂಗಳದಲ್ಲಿ ಎಷ್ಟೋ ಸಲ ಮೊಯಿದಿನಬ್ಬ ಬುಟ್ಟಿ ಇಳಿಸಿ ಮಜ್ಜಿಗೆ ಕುಡಿದಿದ್ದ.

"ಎಂತ ಬ್ಯಾರಿಗಳೇ, ಈ ವರ್ಷ ನಮ್ಮ ಕಡೆ ಕಾಣಲೇ ಇಲ್ಲ? ಮನೆಯಲ್ಲಿ ಒಂದು ತುಂಡು ನುಂಗೆಲ್ ಇಲ್ಲ. ಮಳೆಗಾಲ ಗಂಜಿಗೆ ನಾವು ಉಪ್ಪಿನಕಾಯಿ ನೆಕ್ಕುವುದಾ?"

"ಇಷ್ಟು ಒಣಮೀನು ಕಣ್ಣೆದುರು ಉಂಟಲ್ಲ ಗೌಡ್ರೇ. ತಗೊಂಡು ಹೋಗಿ."

"ತಗೊಂಡು? ಹನ್ನೆರಡು ಮೈಲಿ ಹೊತ್ತುಕೊಂಡು ನಡೀಬೇಕಾ?" ಗೌಡರು ನಕ್ಕರು. "ಮುಂಚೆ ಸಂತೆಗೆ ನಡೆದೇ ಬರ್ತಿದ್ದೆವು, ಹೊತ್ತೇ ಹೋಗ್ತಿದ್ದೆವು. ಈಗ ಬಸ್ಸು ಬಂದು ನಮ್ಮ ಕಾಲಿಗೆ ಧಿಮಾಕು ಬಂದಿದೆ. ಬೆಲ್ಲ ಹತ್ತಿಸ್ತಾರೆ, ಹೊಗೆಸೊಪ್ಪು ಹತ್ತಿಸ್ತಾರೆ, ಕೋಳಿಯನ್ನೂ ಹತ್ತಿಸ್ತಾರೆ. ಇದೊಂದನ್ನು ಮಾತ್ರ ಇಲ್ಲ."

ಕಡೆಗೆ ಆಸೆ ತಡೆಯದೆ ಒಂದು ಹಿಡಿ ಸಿಗಡಿ ಕಟ್ಟಿಸಿ, ಮಡಚಿದ ಕೊಡೆಯೊಳಗೆ ಇಳಿಸಿ, ಕೊಡೆಯನ್ನು ಕಂಕುಳಲ್ಲಿ ಒತ್ತಿಕೊಂಡು ಬಸ್ಸಿನ ಕಡೆ ಹೋದರು. ಮೊಯಿದಿನಬ್ಬನಿಗೆ ನಗು ಬರಲಿಲ್ಲ. ಒಂದು ಮಳೆಗಾಲದ ವ್ಯಾಪಾರ ಕೊಡೆಯೊಳಗೆ ಹಿಡಿಯುವಷ್ಟೇ ಆಯಿತಲ್ಲ ಎಂದುಕೊಂಡು ತಕ್ಕಡಿಯನ್ನು ಬದಿಗೆ ತಳ್ಳಿದ.

ನಷ್ಟವಾದರೆ ಅವನ ಸಿಟ್ಟು ಯಾರ ಮೇಲಾದರೂ ಹೋಗಲೇಬೇಕು. ಯೋಚಿಸುತ್ತಾ ಯೋಚಿಸುತ್ತಾ ಅದು ಹೇಮರಾಜ ಧಣಿಗಳ ಮೇಲೆ ಹೋಯಿತು. ಅವರಿಗೆ ಮೊದಲಿನಿಂದಲೂ ಮನಸ್ಸಿರಲಿಲ್ಲ. ಬಾಡಿಗೆ ಬೇಕು, ಮೀನು ಬೇಡ. ಬಸ್ಸಿನವರಿಗೆ ಹೇಳಿ ತನ್ನನ್ನು ಓಡಿಸಲು ಮಾಡಿಸಿದ ಕೆಲಸ ಇದು! ಆರ್ಡರು ನಾಲ್ಕು ವರ್ಷದ್ದೆಂದು ಶೇಖರ ಹೇಳಿದ್ದನ್ನು ಸಿಟ್ಟು ನೆನಪಿಟ್ಟುಕೊಳ್ಳಲಿಲ್ಲ. ಮರುದಿನವೇ ಮೂಡಬಿದ್ರೆಗೆ ಹೋದ. ಜಗಲಿಯ ಕೆಳಗೆ ನಿಂತೇ ಬಾಯಿ ತೆರೆದ. ಕೇಳಬಾರದ್ದನ್ನೆಲ್ಲ ಕೇಳಿದ. ಒಳಗಿನಿಂದ ಕಮಲಾವತಿಯಮ್ಮ ಹೆದರಿ ಬಾಗಿಲಿಗೆ ಬಂದರು. ಧಣಿಗಳು ಕೈಯೆತ್ತಿ ಅವರನ್ನು ನಿಲ್ಲಿಸಿ, ಇವನ ಉಸಿರು ಮುಗಿಯುವವರೆಗೆ ಅಡಿಕೆ ಕತ್ತರಿಸುತ್ತಾ ಕೂತಿದ್ದರು.

"ಮುಗಿಯಿತಾ?" ಎಂದರು ಕಡೆಗೆ. "ಇನ್ನು ನಾನು ಹೇಳಬಹುದಾ? ಅಂದು ಅರ್ಧ ಹೇಳಿ ಬಿಟ್ಟದ್ದು ಉಂಟು."

ಮೊಯಿದಿನಬ್ಬ ಜಗಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತ.

"ಬಸ್ಸಿನವರು ಆ ಸಾಮಾನು ಹತ್ತಿಸುವುದಿಲ್ಲ, ಆ ಕೋಣೆ ನಿನಗೆ ಆಗುವುದಿಲ್ಲ ಅಂತ ಹೇಳಲಿಕ್ಕೆ ಹೊರಟವ ನಾನು. ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ನೀನು ನನ್ನ ಮೂಗನ್ನೇ ಹಿಡಿದುಕೊಂಡೆ." ಧಣಿಗಳು ಅಡಿಕೆಯ ಹೋಳನ್ನು ಬಾಯಿಗೆ ಹಾಕಿದರು. "ಬೀಜ ಹಿಡಿದುಕೊಂಡು ಜನ ಎಣಿಸಿದೆಯಂತೆ, ಊರೆಲ್ಲ ಹೇಳ್ತದೆ. ಎಷ್ಟು ಜನ ಅಂತ ನೋಡಿದೆ. ಎಲ್ಲಿಗೆ ಹೊರಟ ಜನ ಅಂತ ನೋಡಲಿಲ್ಲ. ಮನೆ ಬಿಟ್ಟು ಹೋಗುವವ ಒಣಮೀನು ಕೊಳ್ತಾನಾ ಮಾರಾಯ? ಮನೆಗೆ ಹೋಗುವವ ಕೊಳ್ತಾನೆ."

ಮೊಯಿದಿನಬ್ಬ ಜಗಲಿಯ ಮೂಲೆಯ ಚೆಂಬನ್ನು ನೋಡಿದ. ಅಂದು ಆ ಚೆಂಬನ್ನು ಬೇರೆ ಇಟ್ಟದ್ದು ಸುಳ್ಳಲ್ಲ. ಆದರೆ ಈ ಮಾತೂ ಸುಳ್ಳಲ್ಲ. ಎರಡನ್ನೂ ಒಂದೇ ಮನುಷ್ಯ ಕೊಡಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ಅವನಿಗೆ ಮೊದಲ ಸಲ ತನ್ನ ಮೇಲೆಯೇ ಹೇಸಿಗೆಯಾಯಿತು. ಅದು ಬೇರೆಯವರ ಮೇಲಿನ ಹೇಸಿಗೆಯಂತಲ್ಲ, ಉಗಿದರೆ ಹೋಗುವುದಿಲ್ಲ.

ಮೇ ಮೊದಲ ವಾರ ಎರಡು ದಿನ ಗುಡುಗಿ ಮಳೆ ಬಂತು. ಅಟ್ಟದ ಬಂಗುಡೆಗಳು ಮೆತ್ತಗಾದವು. ಕಿವಿರಿನ ಹತ್ತಿರ ಕೆಂಪು ಬೂಷ್ಟು. ತೊರಕೆಯ ತುಂಡನ್ನು ಎತ್ತಿದರೆ ಕೆಳಗೆ ಬಿಳಿಯ ಹುಳ ಮಿಸುಕುತ್ತಿತ್ತು. ಕೊಳೆತದ್ದನ್ನು ಹೊಂಡ ತೋಡಿ ಹೂಳಿದ. ಆ ನಾತಕ್ಕೆ ಅವನೇ ಲುಂಗಿಯ ತುದಿ ಎತ್ತಿ ಮೂಗಿಗೆ ಹಿಡಿದ. ಇಪ್ಪತ್ತೆರಡು ವರ್ಷದಲ್ಲಿ ಮಾಡದ ಕೆಲಸ! ಹಿಡಿದದ್ದು ಗೊತ್ತಾದ ಕೂಡಲೇ ನಾಚಿ ಬಿಟ್ಟ. ಉಳಿದದ್ದನ್ನು ಬೀಫಾತಿಮಾ ಬಂದು ಬಿಸಿಲಿಗೆ ಹರವಿ, ತಿರುವಿ, ಮತ್ತೆ ಉಪ್ಪು ತಿಕ್ಕಿ ಒಣಗಿಸಿದಳು. ಪತ್ತನಾಜೆಗೆ ಇನ್ನು ಹದಿನೆಂಟು ದಿನ.

"ಒಂದು ಬುಟ್ಟಿ ಕಟ್ಟು," ಎಂದ ಅವಳಿಗೆ.

"ಅಲ್ಲಾಹ್! ಆ ಕುತ್ತಿಗೆಯಲ್ಲಾ?"

"ಮತ್ತೆ ಎಂತ ಮಾಡುವುದು? ಇಲ್ಲಿ ಕೂತು ನೊಣಗಳಿಗೆ ಉಣಿಸುವುದಾ?"

ಬೀಫಾತಿಮಾಳ ತಮ್ಮ ಅಬೂಬಕ್ಕರ್ ಮರದ ಲಾರಿಯ ಡ್ರೈವರ್. ಘಟ್ಟದ ಬುಡದಿಂದ ದಿಮ್ಮಿ ತರುವ ಲಾರಿ ಹೋಗುವಾಗ ಖಾಲಿಯೇ ಹೋಗುತ್ತಿತ್ತು. "ಅಲ್ಲಿಯವರೆಗೆ ನಾನು ಬಿಡ್ತೇನೆ ಭಾವ," ಎಂದ ಅವನು. "ನನ್ನ ಲಾರಿಗೆ ಮೂಗಿಲ್ಲ. ಅಲ್ಲಿಂದ ನೆರಿಯಕ್ಕೆ ನಿಮ್ಮ ತಲೆ, ನಿಮ್ಮ ಹಣೆಬರಹ."

ಕಕ್ಕಿಂಜೆಗೆ ಸ್ವಲ್ಪ ಈಚೆ, ನೆರಿಯದ ಕಾಲುದಾರಿ ಹೊರಡುವಲ್ಲಿ, ರಸ್ತೆಯ ಬದಿಗೆ ಒಂದು ಹೊರೆ ಇಳಿಸುವ ಕಲ್ಲು ಇತ್ತು. ಎರಡು ನಿಂತ ಕಲ್ಲಿನ ಮೇಲೆ ಒಂದು ಅಡ್ಡ ಚಪ್ಪಡಿ, ಎದೆಯ ಎತ್ತರ. ತಲೆಹೊರೆಯವನು ಬೇರೆಯವರ ಸಹಾಯವಿಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಉಸಿರು ತೆಗೆದುಕೊಂಡು, ಮತ್ತೆ ತಲೆಗೆ ಜಾರಿಸಿಕೊಳ್ಳಲೆಂದು ಯಾವ ಕಾಲದವರೋ ನೆಟ್ಟದ್ದು. ಇಪ್ಪತ್ತೆರಡು ವರ್ಷ, ಪ್ರತಿ ಸಲ, ಮೊಯಿದಿನಬ್ಬ ಅಲ್ಲಿ ಬುಟ್ಟಿ ಇಳಿಸಿ ಒಂದು ಬೀಡಿ ಎಳೆದು ಎದ್ದು ಹೋದವನು. ಅಂದೂ ಅಬೂಬಕ್ಕರ್ ಬುಟ್ಟಿಯನ್ನು ಆ ಕಲ್ಲಿನ ಮೇಲೆ ಇಟ್ಟು ಲಾರಿ ಹೊರಡಿಸಿದ.

ಮೊಯಿದಿನಬ್ಬ ಸಿಂಬಿ ಇಟ್ಟುಕೊಂಡ. ತಲೆ ಬಗ್ಗಿಸಿ ಬುಟ್ಟಿಯ ಕೆಳಗೆ ಹೋದ. ಎತ್ತಿದ. ಕುತ್ತಿಗೆಯಲ್ಲಿ ಏನೋ ಕಟಕ್ಕೆಂದಿತು. ಕಣ್ಣಿಗೆ ಕತ್ತಲೆ ಬಂತು. ಬುಟ್ಟಿಯನ್ನು ಕಲ್ಲಿಗೆ ಬಿಟ್ಟು ಕೆಳಗೆ ಕುಸಿದು ಕೂತ. ಮತ್ತೊಮ್ಮೆ ಪ್ರಯತ್ನಿಸಿದ. ಆಗಲಿಲ್ಲ. ಮೂರನೆಯ ಸಲ ಏಳಲೂ ಆಗಲಿಲ್ಲ. ಕಲ್ಲಿಗೆ ಒರಗಿ ಕೂತು ಬೈದ. ಪಂಡಿತರನ್ನು ಬೈದ, ಬಸ್ಸನ್ನು ಬೈದ, ಹುಣಸೆಮರವನ್ನೂ ಬೈದ. ಬೈಯಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಆಗ ಚಾರ್ಮಾಡಿಯ ಬಸ್ಸು ಬಂದು ನಿಂತಿತು. ಅಂದು ಸೋಮವಾರ. ಸಂತೆ ಮುಗಿಸಿದ ನೆರಿಯದವರು ಇಪ್ಪತ್ತು ಇಪ್ಪತ್ತೈದು ಜನ ಇಳಿದರು. ಬೆಲ್ಲದ ಅಚ್ಚು, ಉಪ್ಪಿನ ಚೀಲ, ಹೊಗೆಸೊಪ್ಪು, ಹೊಸ ಮಡಕೆ, ಕಾಲು ಕಟ್ಟಿದ ಕೋಳಿ, ಎಲ್ಲವೂ ಇಳಿಯಿತು. ಬಾಗಿಲಲ್ಲಿ ನಿಂತ ಶೇಖರ ಕಲ್ಲಿನ ಮೇಲಿನ ಬುಟ್ಟಿಯನ್ನೂ ಕೆಳಗೆ ಕೂತವನನ್ನೂ ನೋಡಿದ. "ಇಲ್ಲಿಗೂ ಬಂದಿರಾ ಮೊಯ್ದಿನಾಕ?" ಎಂದು ಸೀಟಿ ಊದಿದ. ಇಳಿದವರಲ್ಲಿ ಎಷ್ಟೋ ಮಂದಿ ಬಸ್ಸಿನವರಿಗೆ ಕಾಣುವಂತೆ ಮೂಗಿಗೆ ಸೆರಗು, ವಸ್ತ್ರ ಹಿಡಿದರು.

ಬಸ್ಸು ತಿರುವಿನಲ್ಲಿ ಮರೆಯಾಯಿತು.

"ಯಾವ ಮೀನು ಬ್ಯಾರಿ?" ಒಬ್ಬಳು ಕೇಳಿದಳು, ಸೆರಗು ಬಿಟ್ಟು.

"ನನಗೆ ನಂಗ್. ದಪ್ಪದ್ದು."

"ಏ, ಸಾಲು ನಿಲ್ಲಿ, ನಾನು ಮೊದಲು ಬಂದದ್ದು!"

ರುಕ್ಮಯ್ಯ ಗೌಡರೂ ಆ ಗುಂಪಿನಲ್ಲಿದ್ದರು. "ಮನೆಯವರೆಗೆ ಯಾಕೆ ಬರ್ತೀರಿ ಬ್ಯಾರಿಗಳೇ? ಇಲ್ಲಿಂದ ನಾವೇ ಹೊತ್ತುಕೊಳ್ತೇವೆ. ಎರಡು ಮೈಲಿಗೆ ಯಾರ ಕಾಲಿಗೂ ಧಿಮಾಕಿಲ್ಲ," ಎಂದರು. ಬುಟ್ಟಿ ಕಲ್ಲಿನ ಮೇಲಿದ್ದ ಹಾಗೆಯೇ ಖಾಲಿಯಾಯಿತು. ಮೊಯಿದಿನಬ್ಬ ಕೂತಲ್ಲಿಂದ ಏಳಲಿಲ್ಲ; ಏಳಲು ಆಗುತ್ತಲೂ ಇರಲಿಲ್ಲ.

ಎಲ್ಲರೂ ಕಾಲುದಾರಿಯಲ್ಲಿ ಇಳಿದುಹೋದ ಮೇಲೆ ಅವನು ಆ ಕಲ್ಲನ್ನು ನೋಡಿದ. ಮಲೆಗೆ ಹೋಗುವ ಪ್ರತಿಯೊಬ್ಬನೂ ನಿಲ್ಲುವ ಜಾಗ ಇದೆಂದು ಹಳಬರು ಕಲ್ಲು ನೆಟ್ಟು ಹೇಳಿ ಹೋಗಿದ್ದರು. ತಾನು ಅದರ ಮೇಲೆ ಮೊಣಕೈ ಊರಿ ಬೀಡಿ ಸೇದಿ, ಬೂದಿಯನ್ನು ಅದರ ಮೇಲೆಯೇ ತಟ್ಟಿ, ಬೀಜ ಎಣಿಸಲು ಪೇಟೆ ಪೇಟೆ ಅಲೆದಿದ್ದ.

"ಕತ್ತೆ," ಎಂದ ಗಟ್ಟಿಯಾಗಿ. ಕಲ್ಲಿಗಲ್ಲ.

ಆ ವಾರವೇ ಹೇಮರಾಜ ಧಣಿಗಳಿಗೆ ಬೀಗದ ಕೈ ಹಿಂದೆ ಕೊಟ್ಟ. ಕೊಡುವ ಮೊದಲು ಕೋಣೆಯ ಗೋಡೆಗೆ ತಾನೇ ಎರಡು ಸಲ ಸುಣ್ಣ ಬಳಿದಿದ್ದ. ಕಮಲಾವತಿಯಮ್ಮ ಅದೇ ಚೆಂಬಿನಲ್ಲಿ ನೀರು ತಂದರು. ಕುಡಿದ. ರುಕ್ಮಯ್ಯ ಗೌಡರು ಬಿದಿರು, ಮುಳಿಹುಲ್ಲು ಕೊಟ್ಟು ಕಲ್ಲಿನ ಪಕ್ಕದಲ್ಲಿ ಒಂದು ಮಾಡು ಎಬ್ಬಿಸಿದರು. ಅಡ್ಡ ಚಪ್ಪಡಿಯೇ ಅಂಗಡಿಯ ಹಲಗೆಯಾಯಿತು. ಮೀನಿನ ಕಟ್ಟು ಅಬೂಬಕ್ಕರನ ಲಾರಿಯಲ್ಲಿ ಬರುತ್ತಿತ್ತು. ಪತ್ತನಾಜೆಯ ಹೊತ್ತಿಗೆ ಒಂದು ಬಾಲವೂ ಉಳಿಯಲಿಲ್ಲ.

ಮುಂದೆ ಎಂಟು ವರ್ಷ, ಅರವತ್ತೊಂಬತ್ತನೆಯ ಇಸವಿಯವರೆಗೂ, ಆ ದಾರಿಯಲ್ಲಿ ಹೋದವರು ಅವನನ್ನು ಅಲ್ಲೇ ಕಂಡಿದ್ದಾರೆ. ಕುತ್ತಿಗೆ ಕಡೆಗೂ ನೆಟ್ಟಗಾಗಲಿಲ್ಲ. ಯಾರನ್ನು ನೋಡಬೇಕಾದರೂ ಮೈ ಪೂರ್ತಿ ತಿರುಗಿಸಬೇಕು. ಸಿಟ್ಟೂ ಇಳಿಯಲಿಲ್ಲ. ಬಸ್ಸು ಬಂದು ನಿಂತರೆ ಇಳಿದವರು ಆಗಲೂ ಮೊದಲು ಮೂಗು ಮುಚ್ಚುವರು. ಬಸ್ಸಿನ ಹೊಗೆ ಚದುರುವುದನ್ನು ಕಾಯುವರು. ಕಿಟಕಿಯ ಕಣ್ಣುಗಳೆಲ್ಲ ತಿರುವಿನಾಚೆ ಹೋದವೆಂದು ಖಾತ್ರಿಯಾದ ಮೇಲೆ, ಮೂಗು ಬಿಟ್ಟ ಅದೇ ಕೈಯನ್ನು ಕಲ್ಲಿನ ಮೇಲೆ ಚಾಚುವರು.

"ಥೂ," ಎಂದು ಉಗಿದು ಮೊಯಿದಿನಬ್ಬ ಅವರಿಗೆ ತೂಗಿ ಕೊಡುತ್ತಿದ್ದ. ಕೂತುಕೊಂಡೇ.